ದಿವಾನರ ನಡಿಗೆ: ಹೋಗಿ ಬನ್ನಿ, ಆದ್ರೆ ಮೇಲಿನ ಸಹಿ ಯಾರದು ಅಂತ ನೀವೇ ಕೇಳಬೇಕು

ಮೊದಲೇ ಹೇಳಿಬಿಡುತ್ತೇನೆ, ಮಂಡಿ ನೋವಿರುವವರು ಸ್ವಲ್ಪ ಯೋಚನೆ ಮಾಡಿ. ಬುಕ್ ಮಾಡುವಾಗ ಎರಡು ಗಂಟೆ ಅಂತಾರೆ, ಆಗೋದು ಮೂರೂಕಾಲು. ಹಳೇ ಮೈಸೂರಿನ ದಿವಾನರ ಕತೆ ಹೇಳುತ್ತಾ ಗೈಡ್ ಒಬ್ಬರು ಬೆಂಗಳೂರಲ್ಲಿ ನಡೆಸಿಕೊಂಡು ಹೋಗುವ ನಡಿಗೆ ಇದು. ಅಠಾರಾ ಕಚೇರಿ ಹತ್ತಿರ ಶುರುವಾಗಿ ಪುರಭವನದ ಮೆಟ್ಟಿಲ ಮುಂದೆ ಮುಗಿಯುವ ತನಕ ನಾವು ಕೂತಿದ್ದು ಒಂದೇ ಸಲ. ಅದೂ ಗೈಡ್ ಹುಡುಗನ ಕಾಲರ್ ಮೈಕ್ ಕೈಕೊಟ್ಟಿತು ಅಂತ.

ಬುಕ್ ಮಾಡಿದ್ದು ನನ್ನ ತಂಗಿಯ ಮಗಳು. "ದೊಡ್ಡಮ್ಮ, ನೀನು ಹೆಂಗೂ ಮೂವತ್ತು ವರ್ಷ ಅಲ್ಲೇ ಓಡಾಡಿದೀಯ. ಬಾ, ಅವರು ತಪ್ಪು ಹೇಳಿದ್ರೆ ಹಿಡಿಯೋಕಾಗುತ್ತೆ" ಅಂದಳು. ನಾನು ಸಚಿವಾಲಯದಲ್ಲಿ ಕಿರಿಯ ಸಹಾಯಕಿಯಾಗಿ ಸೇರಿ, 31 ವರ್ಷ ಕಡತ ಹೊತ್ತು, ಶಾಖಾಧಿಕಾರಿಯಾಗಿ ನಿವೃತ್ತಿಯಾದವಳು. ತಪ್ಪು ಹಿಡಿಯೋದಕ್ಕೇ ಸರ್ಕಾರ ಸಂಬಳ ಕೊಡುತ್ತಿತ್ತು. ಹಾಗಾಗಿ ಹೋದೆ.

ತಲೆಗೆ 700 ರೂಪಾಯಿ. ಅದರಲ್ಲಿ ಒಂದು ಪುಟ್ಟ ಪುಸ್ತಿಕೆ, ಒಂದು ಬಾಟಲಿ ನೀರು, ಕೊನೆಯಲ್ಲಿ ಒಂದು ಲೋಟ ಕಾಫಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದಿದ್ದರು, ಹೊರಟಿದ್ದು ಏಳೂವರೆಗೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡೋದಿಲ್ಲ, ಅದೊಂದು ಪುಣ್ಯ. ಹನ್ನೊಂದು ಜನ ಇದ್ದೆವು. ಅದರಲ್ಲಿ ನಾಲ್ಕು ಜನ ಕ್ಯಾಮೆರಾದವರು, ಅವರು ಕಿವಿ ಕೊಟ್ಟಿದ್ದೇ ಕಮ್ಮಿ.

ನಡಿಗೆಯ ವಿಷಯ ಮೈಸೂರು ಸಂಸ್ಥಾನದ ದಿವಾನರು. ಈ ವಿಷಯ ಆರಿಸಿಕೊಂಡಿದ್ದಕ್ಕೇ ಒಂದು ಸ್ಟಾರ್ ಕೊಡಬಹುದು. ಅರಮನೆ, ಅಂಬಾರಿ, ಸಿಂಹಾಸನ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ರಾಜನ ಕೈಕೆಳಗೆ ಕೂತು ರಾಜ್ಯ ನಡೆಸಿದವನ ಕುರ್ಚಿ ತೋರಿಸುವವರು ಯಾರಿದ್ದಾರೆ? ರಾಜನನ್ನು ಓಟು ಹಾಕಿ ಇಳಿಸೋಕಾಗಲ್ಲ. ದಿವಾನನನ್ನೂ ಇಳಿಸೋಕಾಗಲ್ಲ. ಆದರೆ ರಾಜ ಮನಸ್ಸು ಮಾಡಿದರೆ ದಿವಾನ ನಾಳೆ ಬೆಳಿಗ್ಗೆ ಮನೆಗೆ. ಸರ್ಕಾರದ ಮುಖ್ಯಸ್ಥನೂ ಹೌದು, ಸಂಬಳದ ನೌಕರನೂ ಹೌದು. ಇಂಥ ಹುದ್ದೆ ಹೇಗಿರುತ್ತೆ ಅಂತ ನನ್ನಂಥ ಗುಮಾಸ್ತೆಗೆ ಕುತೂಹಲ ಇರೋದಿಲ್ವಾ?

ಮೊದಲ ನಿಲ್ದಾಣ ಅಠಾರಾ ಕಚೇರಿ, ಅಂದ್ರೆ ಈಗಿನ ಹೈಕೋರ್ಟ್. ನಾವು ಒಳಗೆ ಹೋಗಲಿಲ್ಲ, ಪಾರ್ಕಿನ ಕಡೆಯಿಂದಲೇ ನೋಡಿದೆವು. ಹುಡುಗ ವಾಸ್ತುಶಿಲ್ಪ ಓದಿದವನಂತೆ, ಕಂಬಗಳ ಬಗ್ಗೆ ಚೆನ್ನಾಗಿ ಹೇಳಿದ. ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ, 1860ರ ದಶಕದಲ್ಲಿ, ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತರೋಕೆ ಕಟ್ಟಿದ್ದು, ಅದಕ್ಕೇ ಅಠಾರಾ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟ ಮೇಲೆ ಕಮಿಷನರ್ ಹೋದ, ದಿವಾನ ಬಂದ. ಗುಮಾಸ್ತರು ಅಲ್ಲೇ ಉಳಿದರು. ಈ ಕೊನೆಯ ಮಾತು ಹುಡುಗ ಹೇಳಿದ್ದಲ್ಲ, ನಾನು ಸೇರಿಸಿದ್ದು. ಎದುರುಗಡೆ ವಿಧಾನಸೌಧ ಎದ್ದು ಸಚಿವಾಲಯ ಅಲ್ಲಿಗೆ ಹೋಗುವ ತನಕ ಈ ಕೆಂಪು ಕಟ್ಟಡವೇ ನಮ್ಮ ಆಫೀಸಿನ ಅಜ್ಜನ ಮನೆ. ನಮ್ಮ ಹಳೇ ಸೂಪರಿಂಟೆಂಡೆಂಟರು 'ಹುಜೂರು ಕಚೇರಿ ಕಾಲದ ಪದ್ಧತಿ' ಅಂತ ಗೊಣಗುತ್ತಿದ್ದದ್ದು ಅಲ್ಲಿ ನಿಂತಾಗ ನೆನಪಾಯಿತು.

ಇಲ್ಲಿ, 1881ರಲ್ಲಿ ಹಾಗೆ ಬಂದ ದಿವಾನ ರಂಗಾಚಾರ್ಲು ಬಗ್ಗೆ ಹತ್ತು ನಿಮಿಷ. ಇಡೀ ನಡಿಗೆಯಲ್ಲಿ ಚೆನ್ನಾಗಿದ್ದ ಹತ್ತು ನಿಮಿಷ ಇದೇ. 1876ರಿಂದ 78ರ ತನಕ ಭೀಕರ ಬರ, ಲಕ್ಷಾಂತರ ಜನ ಸತ್ತಿದ್ದಾರೆ, ಖಜಾನೆ ಬರಿದು, ಮೇಲೆ ಸಾಲ. ಬ್ರಿಟಿಷರಿಗೆ ವರ್ಷಾವರ್ಷ ಕಪ್ಪ ಬೇರೆ. ಮುಂದೆ ಅದು 35 ಲಕ್ಷ ರೂಪಾಯಿ ಮುಟ್ಟಿತು. ಇಂಥ ಹೊತ್ತಲ್ಲಿ ಕುರ್ಚಿಗೆ ಬಂದ ಮನುಷ್ಯ ಖರ್ಚು ಕತ್ತರಿಸಿದರು, ನೌಕರರನ್ನೂ ಕಡಿಮೆ ಮಾಡಿದರು. (ಆ ಮಾತಿಗೆ ನನ್ನ ಹೊಟ್ಟೆ ಒಂದು ಕ್ಷಣ ಚುರುಕ್ ಅಂತು.) ಅದೇ 1881ರ ದಸರಾದಲ್ಲಿ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಜನ. ರೈತರು, ವ್ಯಾಪಾರಿಗಳು. ದಿವಾನ ನಿಂತು ವರ್ಷದ ಲೆಕ್ಕ ಓದೋದು, ಬಂದವರು ಕೆರೆ, ರಸ್ತೆ, ಕಂದಾಯ ಅಂತ ಅಹವಾಲು ಹೇಳೋದು.

ಕ್ಯಾಮೆರಾದವರಲ್ಲಿ ಒಬ್ಬರು "ಅಂದ್ರೆ ಅಸೆಂಬ್ಲಿ ತರಹ" ಅಂದರು. ಹುಡುಗ "ಹೌದು ಸರ್" ಅಂದುಬಿಟ್ಟ. ಅಲ್ಲಪ್ಪ! ಅಸೆಂಬ್ಲಿ ಸರ್ಕಾರ ಬೀಳಿಸಬಹುದು. ಆ ಸಭೆ ಕೇಳಬಹುದಿತ್ತು, ಅಷ್ಟೇ. ದಿವಾನನೇ ಸಭೆಯ ಅಧ್ಯಕ್ಷ. ದೂರು ಹೇಳೋದು ಯಾರ ಮೇಲೋ ಅವರ ಮುಂದೆಯೇ. ನಮ್ಮ ಆಫೀಸಿನ ಕುಂದುಕೊರತೆ ಸಭೆಗಳು ಹೀಗೇ ನಡೆಯುತ್ತಿದ್ದವು, ಹಾಗಾಗಿ ಚೆನ್ನಾಗಿ ಗೊತ್ತು. ಹಾಗಂತ ಸಣ್ಣದು ಅಂತಲೂ ಅನ್ನಲಾರೆ. ಯಾರೂ ಕೇಳದಿದ್ದರೂ ಲೆಕ್ಕ ಒಪ್ಪಿಸೋಕೆ ತಾನಾಗಿ ಹೊರಟ ಅಧಿಕಾರಿಯನ್ನು ನಾನು ನನ್ನ ಸರ್ವೀಸಲ್ಲಿ ಇಬ್ಬರನ್ನೋ ಮೂವರನ್ನೋ ನೋಡಿರಬಹುದು.

ಅಲ್ಲಿಂದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ನಮಗೆಲ್ಲ ಸೆಂಟ್ರಲ್ ಲೈಬ್ರರಿ. ಹದಿನೆಂಟು ವರ್ಷ ದಿವಾನರಾಗಿದ್ದವರು, 1883ರಿಂದ 1901. ಅಷ್ಟು ದಿನ ಇನ್ಯಾರೂ ಇರಲಿಲ್ಲ. ಪ್ರತಿಮೆಯ ಬುಡದಲ್ಲಿ ಒಂದು ಕಂದು ನಾಯಿ ಉದ್ದಕ್ಕೆ ಕಾಲು ಚಾಚಿ ಮಲಗಿತ್ತು. ಹುಡುಗ ಶಿವನಸಮುದ್ರದ ವಿದ್ಯುತ್ತಿನ ಕತೆ ಹೇಳುವ ಅಷ್ಟೂ ಹೊತ್ತು ಅದು ಕಣ್ಣೇ ಬಿಡಲಿಲ್ಲ. ಹೆಸರಘಟ್ಟದಿಂದ ನಲ್ಲಿ ನೀರು, ಮಾರಿಕಣಿವೆ ಅಣೆಕಟ್ಟು, 1898ರ ಪ್ಲೇಗ್ ಆದ ಮೇಲೆ ಬಸವನಗುಡಿ, ಮಲ್ಲೇಶ್ವರ. ಕಾವೇರಿಯ ಕರೆಂಟು ಕೋಲಾರದ ಗಣಿ ಮುಟ್ಟಿದ್ದು 1902ರಲ್ಲಿ, ಅವರು ತೀರಿಹೋದ ಮೇಲೆ. ಹುಡುಗ ಇದೆಲ್ಲ ಗಡಗಡ ಒಪ್ಪಿಸಿದ. ಸ್ವಲ್ಪ ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗಿತ್ತು.

ಅವನು ಬಿಟ್ಟಿದ್ದು ಒಂದಿತ್ತು, ನನಗೆ ಅದೇ ಮುಖ್ಯ ಅನಿಸಿತು. 1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಹೋದರು. ಮಗ ಕೃಷ್ಣರಾಜರಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು 1902ರ ತನಕ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು. ಶೇಷಾದ್ರಿ ಅಯ್ಯರ್ ಕೊನೆಯ ಆರೇಳು ವರ್ಷ ಕೆಲಸ ಮಾಡಿದ್ದು ಆ ತಾಯಿಯ ಕೈಕೆಳಗೆ. ಎಳೇ ರಾಜ, ರಾಜಮಾತೆ, ಅತ್ತ ಕಣ್ಣಿಟ್ಟಿರುವ ರೆಸಿಡೆಂಟ್ ಅನ್ನುವ ಬ್ರಿಟಿಷರ ಪ್ರತಿನಿಧಿ, ಮಧ್ಯೆ ಒಬ್ಬ ದಿವಾನ. ದಿವಾನಗಿರಿ ಅಂದ್ರೆ ಏನು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಪೂರ್ಣಯ್ಯನವರದ್ದೂ ಇದೇ ಕತೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸಿಂಹಾಸನದ ಮೇಲೆ ಕೂರಿಸಿದ್ದು ಐದು ವರ್ಷದ ಮಗುವನ್ನು. ಹೈದರ್ ಹತ್ತಿರ, ಟಿಪ್ಪು ಹತ್ತಿರ ಲೆಕ್ಕ ಬರೆದ ಕೈಯೇ ಆಮೇಲೆ 1811ರ ತನಕ ಒಡೆಯರ ರಾಜ್ಯ ನಡೆಸಿತು. ಮಗು ದೊಡ್ಡವನಾದ, ದಿವಾನರು ಹೊರಟರು. ಪುಸ್ತಿಕೆಯಲ್ಲಿ ಪೂರ್ಣಯ್ಯನವರಿಗೆ ಎರಡೇ ಸಾಲು.

ಪುಸ್ತಿಕೆ ಬಗ್ಗೆ ಹೇಳಲೇಬೇಕು. ಕಾಗದ ಚೆನ್ನಾಗಿದೆ, ಚಿತ್ರಗಳು ಚೆನ್ನಾಗಿವೆ. ಆದರೆ ಮಿರ್ಜಾ ಇಸ್ಮಾಯಿಲ್ ಅವರನ್ನು 'ಮೈಸೂರಿನ ಕೊನೆಯ ದಿವಾನ' ಅಂತ ಅಚ್ಚು ಹಾಕಿಸಿದ್ದಾರೆ. ಅಲ್ಲ. 1941ರಲ್ಲಿ ಅವರು ಹೋದ ಮೇಲೆ ಎನ್. ಮಾಧವರಾವ್, ಅವರಾದ ಮೇಲೆ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಇಬ್ಬರು ದಿವಾನರನ್ನು ಹೀಗೆ ನುಂಗಿ ಹಾಕಿದರೆ ಹೇಗೆ? ಅದೂ ಮಾಧವರಾವ್ ಮುಂದೆ ನಮ್ಮ ಸಂವಿಧಾನದ ಕರಡು ಸಮಿತಿಯಲ್ಲಿ ಕೂತವರು. ರಾಜನ ಹುಕುಮಿನ ಮೇಲೆ ರಾಜ್ಯ ನಡೆಸಿದ ಮನುಷ್ಯ, ಜನರೇ ರಾಜರು ಅನ್ನುವ ಪುಸ್ತಕ ಬರೆಯುವ ಮೇಜಿಗೆ ಬಂದು ಕೂತರು. ಇಂಥ ಮಸಾಲೆ ಕೈಯಲ್ಲಿಟ್ಟುಕೊಂಡು ಬರೀ ಕಂಬ, ಕಮಾನು ಅಂತ ಹೇಳ್ತಾರಲ್ಲ ಅಂತ ಬೇಜಾರಾಯಿತು.

ಮೈಕ್ ಕೈಕೊಟ್ಟಿದ್ದು ಇಲ್ಲೇ, ಲೈಬ್ರರಿ ಹತ್ತಿರ. ಬ್ಯಾಟರಿ ಬದಲಾಯಿಸುತ್ತೇನೆ ಅಂತ ಹುಡುಗ ಬ್ಯಾಗ್ ಬಿಚ್ಚಿದ. ನಾವು ಕಲ್ಲುಬೆಂಚಿನ ಮೇಲೆ ಕೂತೆವು. ಆಗ ತಂಗಿ ಮಗಳು ಸುಮ್ನೆ ಕೇಳಿದಳು, "ದೊಡ್ಡಮ್ಮ, ದಿವಾನ ಒಂದು ಕೆಲಸ ಆಗಬೇಕು ಅಂತಾನೆ, ರಾಜ ಬೇಡ ಅಂತಾನೆ. ಆಗ ಏನಾಗುತ್ತೆ?"

ಪುಸ್ತಿಕೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ನಮ್ಮ ಟಿಪ್ಪಣಿ ಹಾಳೆ ಇದ್ದ ಹಾಗೆ. ಎಲ್ಲಕ್ಕಿಂತ ಕೆಳಗೆ ಗುಮಾಸ್ತ ಬರೆಯುತ್ತಾನೆ, 'ಆದೇಶಕ್ಕಾಗಿ ಮಂಡಿಸಿದೆ'. ಮೇಲೊಬ್ಬರು, ಅವರ ಮೇಲೊಬ್ಬರು ಷರಾ ಬರೆಯುತ್ತಾರೆ. ಕೊನೆಗೆ ದಿವಾನರ ಸಹಿ. ಸಣ್ಣ ವಿಷಯ ಆದ್ರೆ ಅಲ್ಲಿಗೆ ಮುಗೀತು. ದೊಡ್ಡದಾದ್ರೆ ಅದರ ಮೇಲೆ ಇನ್ನೊಂದು ಸಹಿ ಬೇಕು, ಮಹಾಸ್ವಾಮಿಯವರದು. ಆ ಸಹಿಯ ಮೇಲೆ ರಾಜ್ಯದೊಳಗೆ ಯಾರೂ ಇಲ್ಲ. ರಾಜ ಬೇಡ ಅಂದ್ರೆ ದಿವಾನನಿಗೆ ಉಳಿಯೋದು ಎರಡೇ ದಾರಿ. ಆಯ್ತು ಬುದ್ಧಿ ಅನ್ನೋದು, ಇಲ್ಲಾಂದ್ರೆ ರಜೆ ಚೀಟಿ ಬರೆಯೋದು.

ಇದು ಊಹೆ ಅಲ್ಲ, ವಿಶ್ವೇಶ್ವರಯ್ಯನವರ ವಿಷಯದಲ್ಲಿ ಆಗಿದ್ದು ಇದೇ. 1912ರಲ್ಲಿ ದಿವಾನರಾದರು. ಮುಂದಿನ ಆರು ವರ್ಷದಲ್ಲಿ ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಸೋಪಿನ ಕಾರ್ಖಾನೆ, ಎಲ್ಲ ಬಂತು. ಗೈಡ್ ಹುಡುಗ ಇದನ್ನೆಲ್ಲ ಹೇಳಿ, ಕೊನೆಗೆ "1918ರಲ್ಲಿ ನಿವೃತ್ತರಾದರು" ಅಂದು ಮುಂದೆ ಹೆಜ್ಜೆ ಹಾಕಿದ. ನಾನು ಕೈ ಎತ್ತಿದೆ. "ಯಾಕೆ ನಿವೃತ್ತರಾದರಪ್ಪ?" ಅಂದೆ.

"ವಯಸ್ಸಾಗಿತ್ತು ಮೇಡಂ" ಅಂದ.

ವಯಸ್ಸಾಗಿತ್ತಂತೆ! ನೂರು ದಾಟಿ ಬಾಳಿದವರು ಅವರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಸರ್ಕಾರಿ ನೌಕರಿಯಲ್ಲಿ ಒಂದೇ ಜಾತಿಯವರು ತುಂಬಿಕೊಂಡಿದ್ದಾರೆ, ಉಳಿದವರಿಗೆ ಜಾಗ ಹೇಗೆ ಮಾಡೋದು ಅಂತ ನೋಡೋಕೆ. ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ಮೊದಲು ಎಲ್ಲರನ್ನೂ ಓದಿಸೋಣ, ಕೆಲಸ ಮಾತ್ರ ಅರ್ಹತೆ ನೋಡಿ ಕೊಡೋಣ ಅನ್ನೋದು ಅವರ ನಿಲುವು. ರಾಜರು ಹಿಂದೆ ಸರಿಯಲಿಲ್ಲ. ದಿವಾನರು ವರ್ಷದ ಕೊನೆಗೆ ರಜೆ ಹಾಕಿ ಹೊರಟರು, ಮತ್ತೆ ಆ ಕುರ್ಚಿಗೆ ಬರಲಿಲ್ಲ. ಅವರ ಜಾಗಕ್ಕೆ ಬಂದವರು ಕಾಂತರಾಜೇ ಅರಸು, ಮಹಾರಾಜರ ಸೋದರಮಾವ. ಮಿಲ್ಲರ್ ಸಮಿತಿಯ ಶಿಫಾರಸಿನ ಮೇಲೆ 1921ರಲ್ಲಿ ಆದೇಶವೂ ಆಯಿತು.

ನಾನು ಸಚಿವಾಲಯಕ್ಕೆ ಸೇರಿದ್ದು ಹಿಂದುಳಿದ ವರ್ಗದ ಮೀಸಲಾತಿಯಲ್ಲಿ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಆಫೀಸಿನ ಕುರ್ಚಿ ಮೇಲೆ ಕೂತವರಿಲ್ಲ. ನನ್ನ ನೇಮಕಾತಿ ಪತ್ರದಿಂದ ಹಿಂದಕ್ಕೆ ದಾರ ಎಳೆದುಕೊಂಡು ಹೋದರೆ ಅದು ಆ ಕಡತಕ್ಕೇ ಹೋಗಿ ಗಂಟು ಬೀಳುತ್ತೆ. ಹಾಗಂತ ವಿಶ್ವೇಶ್ವರಯ್ಯನವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸೆಕ್ಷನ್ನಿನ ಗೋಡೆ ಮೇಲೆ ಅವರ ಫೋಟೋ ಇತ್ತು, ಸೆಪ್ಟೆಂಬರ್ 15ಕ್ಕೆ ನಾನೇ ಹೂ ಹಾಕುತ್ತಿದ್ದೆ. ಆದರೆ ಆ ಹೊತ್ತಲ್ಲಿ ಸಹಿ ಮಾಡುವ ಕೈ ಬೇರೆಯವರದಾಗಿದ್ದಿದ್ದರೆ? ಒಬ್ಬ ಮನುಷ್ಯ ಬೇಕು ಅಂದದ್ದಕ್ಕೆ ಆಯಿತು. ಅದೇ ಮನುಷ್ಯ ಬೇಡ ಅಂದಿದ್ದರೆ ಮಿಲ್ಲರ್ ಸಮಿತಿಯೂ ಇಲ್ಲ, ಏನೂ ಇಲ್ಲ. ರಾಜ ಒಳ್ಳೆಯವರಾಗಿದ್ದರು, ನಮ್ಮ ಅದೃಷ್ಟ. ಈ ಹುದ್ದೆಯ ಬಗ್ಗೆ ಮೂರು ಗಂಟೆ ಮಾತಾಡಿ ಇದನ್ನೇ ಬಿಟ್ಟರೆ 700 ರೂಪಾಯಿಗೆ ಏನು ಹೇಳಿದ ಹಾಗಾಯ್ತು?

ಹುಡುಗನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಬರೆದುಕೊಂಡ. "ಮೇಡಂ, ಇನ್ನೊಂದು ಸಲ ಹೇಳಿ, ಮಿಲ್ಲರ್ ಅಲ್ವಾ?" ಅಂದ. ಆಮೇಲೆ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ನಡೆದ. ಕ್ಯಾಮೆರಾದವರು ಸ್ವಲ್ಪ ಗುರ್ ಅಂದರು.

ಹಡ್ಸನ್ ಸರ್ಕಲ್ ದಾಟುವ ಭಾಗ ಮಾತ್ರ ನರಕ. ಭಾನುವಾರವೂ ಬಸ್ಸುಗಳ ಹೊಗೆ, ಫುಟ್‌ಪಾತು ಕಿತ್ತುಹೋಗಿದೆ, ಯಾರ ಮಾತೂ ಕೇಳಿಸಲ್ಲ. ಇಲ್ಲಿ ಆಟೋ ಮಾಡಬೇಕು. ಶೌಚಾಲಯದ ವ್ಯವಸ್ಥೆ ಬಗ್ಗೆ ಮುಂಚೆಯೇ ಕೇಳಿಕೊಳ್ಳಿ. ನಾನು ಕೇಳಿದಾಗ "ಪಾರ್ಕಲ್ಲೇ ಮುಗಿಸಿಕೊಂಡು ಬರಬೇಕಿತ್ತು ಮೇಡಂ" ಅಂದರು. ಅರವತ್ತು ದಾಟಿದವರನ್ನು ಕರೆದುಕೊಂಡು ಹೋಗುವವರು ಆಡುವ ಮಾತಾ ಇದು?

ನಡೆಯುವಾಗ ಹುಡುಗ ಒಂದು ಚೆಂದದ ಮಾತು ಹೇಳಿದ. ಬೆಂಗಳೂರಿನವರು ದಿವಾನರನ್ನು ದಿನಾ ಬೈಯುತ್ತಾರಂತೆ, ಗೊತ್ತಿಲ್ಲದೆ. ಆನಂದರಾವ್ ಸರ್ಕಲ್ಲಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಾಗ. ಆ ಆನಂದರಾಯರು ವಿಶ್ವೇಶ್ವರಯ್ಯನವರಿಗಿಂತ ಮುಂಚಿನ ದಿವಾನರು. ಅವರ ತಂದೆ ಟಿ. ಮಾಧವರಾವ್ ತಿರುವಾಂಕೂರು, ಇಂದೋರು, ಬರೋಡ, ಮೂರು ಕಡೆ ದಿವಾನಗಿರಿ ಮಾಡಿದವರು. ವಿ.ಪಿ. ಮಾಧವರಾವ್ ಅಂತ ಇನ್ನೊಬ್ಬರು ತಿರುವಾಂಕೂರಿನಿಂದ ಮೈಸೂರಿಗೆ ಬಂದು, ಇಲ್ಲಿಂದ ಬರೋಡಕ್ಕೆ ಹೋದರು. ಮಿರ್ಜಾ ಇಲ್ಲಿಂದ ಜೈಪುರ, ಆಮೇಲೆ ಹೈದರಾಬಾದು. ಐಪಿಎಲ್ ಆಟಗಾರರ ಹಾಗೆ! ಒಳ್ಳೆ ದಿವಾನ ಅಂತ ಹೆಸರು ಬಂದರೆ ಬೇರೆ ರಾಜರು ಕರೆದುಕೊಳ್ಳುತ್ತಿದ್ದರು. ಇದು ನನಗೆ ಈ ರೀತಿ ಹೊಳೆದಿರಲಿಲ್ಲ. ಹುಡುಗನಿಗೆ ಅರ್ಧ ಸ್ಟಾರ್ ಜಾಸ್ತಿ.

ಕೊನೆಯದು ಪುರಭವನ. 1935ರದ್ದು, ಮಿರ್ಜಾ ಕಾಲದ್ದು. ಮಿರ್ಜಾ ಅವರು ಕೃಷ್ಣರಾಜ ಒಡೆಯರ ಜೊತೆ ಓದಿದವರು, ಗೆಳೆಯರು. ಹದಿನೈದು ವರ್ಷ ದಿವಾನರಾಗಿದ್ದರು. 1940ರ ಆಗಸ್ಟಿನಲ್ಲಿ ಮಹಾರಾಜರು ತೀರಿಕೊಂಡರು, ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. ಮೇಲಿನ ಸಹಿ ಬದಲಾಯಿತು, ಕೆಳಗಿನದೂ ಬದಲಾಯಿತು. ಹುಡುಗ ಬೃಂದಾವನ, ರಸ್ತೆ, ಪಾರ್ಕು, ಕಾರ್ಖಾನೆ ಎಲ್ಲ ಹೇಳಿದ. 1938ರ ಏಪ್ರಿಲ್ ಬಗ್ಗೆ ಮಾತಿಲ್ಲ. ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮುರಿದು ಬಾವುಟ ಹಾರಿಸಿದ್ದು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತಿದ್ದು, ಅದಾದ ಮೇಲೆ ಸರ್ದಾರ್ ಪಟೇಲರು ಬಂದು ಮಿರ್ಜಾ ಜೊತೆ ಒಪ್ಪಂದ ಆಗಿದ್ದು. ಊರು ಚೆಂದ ಮಾಡಿದ ಸರ್ಕಾರವೇ ಗುಂಡೂ ಹಾರಿಸಿತ್ತು. ಎರಡನ್ನೂ ಹೇಳಿ, ಕೇಳುವವರು ತೀರ್ಮಾನ ಮಾಡಿಕೊಳ್ಳಲಿ.

ಆ ಮೆಟ್ಟಿಲ ಮೇಲೆ ನಾನು ಬಹಳ ಸಲ ಕೂತಿದ್ದೇನೆ, ಬೋರ್ಡು ಹಿಡಿದುಕೊಂಡು. ನೌಕರರ ಧರಣಿಗೆ ಅದೇ ಜಾಗ ಆಗಿತ್ತು. ಈಗ ಏನಿದ್ದರೂ ಫ್ರೀಡಂ ಪಾರ್ಕಿಗೆ ಹೋಗಿ ಅಂತಾರೆ. 1947ರ ಸೆಪ್ಟೆಂಬರಿನಲ್ಲಿ, ಜನರ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ಆದಾಗ 'ಆರ್ಕಾಟ್ ಬಾಯ್ಕಾಟ್' ಅಂತ ಜನ ಕೂಗುತ್ತಿದ್ದದ್ದು ಮೊದಲಿಯಾರರ ವಿರುದ್ಧ. ಗಮನಿಸಿ, ಬೈಗುಳ ರಾಜರಿಗಲ್ಲ, ದಿವಾನರಿಗೆ. ಹೊಗಳಿಕೆ ಮೇಲಕ್ಕೆ, ಬೈಗುಳ ಕೆಳಕ್ಕೆ, ನಮ್ಮ ಆಫೀಸಲ್ಲೂ ಹಾಗೇ ಇತ್ತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ವಿಚಿತ್ರ ಅಂದ್ರೆ ಅದಾದ ಮೇಲೂ 1949ರ ತನಕ ದಿವಾನರೂ ಇದ್ದರು. ಹಳೇ ಕುರ್ಚಿ ತೆಗೆಯದೆ ಹೊಸ ಕುರ್ಚಿ ಹಾಕಿದ ಹಾಗೆ.

ಕಾಫಿ ಬಿಸಿ ಇತ್ತು, ಸಕ್ಕರೆ ಜಾಸ್ತಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಹುಡುಗ ಇಲ್ಲದಿದ್ದರೆ ಎರಡೂವರೆ. ಹೋಗುವವರು ಟೋಪಿ, ನೀರು ಒಯ್ಯಿರಿ, ಮುಂದಿನ ಸಾಲಲ್ಲಿ ನಿಲ್ಲಿ, ಪ್ರಶ್ನೆ ಕೇಳಿ. ಕೇಳದಿದ್ದರೆ ಬರೀ ಕಂಬಗಳ ಬಗ್ಗೆ ತಿಳಿದುಕೊಂಡು ಬರ್ತೀರ.

ಇದನ್ನು ಬರೆದು ಇಟ್ಟಿದ್ದೆ, ಅಷ್ಟರಲ್ಲಿ ಹುಡುಗನ ಮೆಸೇಜು ಬಂತು. ಪುಸ್ತಿಕೆಯ 'ಕೊನೆಯ ದಿವಾನ' ತಪ್ಪು ಮುಂದಿನ ಪ್ರಿಂಟಲ್ಲಿ ಸರಿ ಮಾಡ್ತಾರಂತೆ. ಮಿಲ್ಲರ್ ಸಮಿತಿಯ ಕತೆಯನ್ನೂ ಸೇರಿಸಿಕೊಳ್ತಾನಂತೆ. "ಮೇಡಂ, ಅದನ್ನ ಎಲ್ಲಿ ನಿಲ್ಲಿಸಿ ಹೇಳಿದ್ರೆ ಚೆನ್ನಾಗಿರುತ್ತೆ?" ಅಂತ ಕೇಳಿದ್ದ. ನಿಲ್ಲಿಸಬೇಡಪ್ಪ, ಲೈಬ್ರರಿ ಹತ್ತಿರ ಕಲ್ಲುಬೆಂಚು ಇದೆಯಲ್ಲ, ಅಲ್ಲಿ ಕೂರಿಸಿ ಹೇಳು ಅಂತ ಬರೆದೆ.